ಪ್ಲುಟೋನಿಯಂ ಪೀಪಾಯಿಯಲ್ಲಿ ಸಿಗುವುದಿಲ್ಲ

ತೀರ್ಥಹಳ್ಳಿಯಿಂದ ನೀವು ಕಳಿಸಿದ ಕತೆ ಓದಿದೆವು. ಕೈಗಾದಿಂದ ಕದ್ದ ಪ್ಲುಟೋನಿಯಂ ಪೀಪಾಯಿಗಳನ್ನು ಹೊತ್ತ ಲಾರಿ ಮಂಗಳೂರು ಬಂದರಿಗೆ ಹೊರಟು ಆಗುಂಬೆ ಘಾಟಿಯಲ್ಲಿ ಮಗುಚುತ್ತದೆ, ಹಳ್ಳದ ನೀರು ಹಸಿರಾಗಿ ಹೊಳೆಯುತ್ತದೆ. ಈಗಿರುವಂತೆ ಇದನ್ನು ಪತ್ರಿಕೆಯಲ್ಲಿ ಹಾಕುವುದಿಲ್ಲ.

ಕೈಗಾದಿಂದ ಮಂಗಳೂರಿಗೆ ಹೋಗುವವನು ಕಾರವಾರದ ಕಡೆ ಇಳಿದು ಕರಾವಳಿ ಹೆದ್ದಾರಿ ಹಿಡಿದರಾಯಿತು. ಆಗುಂಬೆ ಸುತ್ತುವ ಉಸಾಬರಿ ಯಾಕೆ? ಇರಲಿ, ಇದು ಒಂದು ಸಾಲಿನಲ್ಲಿ ಸರಿಹೋಗುತ್ತದೆ. ಸರಿಹೋಗದ್ದು ಪೀಪಾಯಿ.

ಕೈಗಾದ ನಾಲ್ಕೂ ಘಟಕಗಳು ಉರಿಸುವುದು ಸಹಜ ಯುರೇನಿಯಂ. ಅದರಲ್ಲಿ ಶೇ. 99ಕ್ಕೂ ಹೆಚ್ಚು ಯುರೇನಿಯಂ-238. ಅದು ನ್ಯೂಟ್ರಾನ್ ನುಂಗಿದರೆ ಯುರೇನಿಯಂ-239. ಅದರ ಅರ್ಧಾಯುಷ್ಯ, ಎಂದರೆ ಅರ್ಧ ಪಾಲು ಬೇರೊಂದಾಗಲು ಹಿಡಿಯುವ ಹೊತ್ತು, 23 ನಿಮಿಷ ಚಿಲ್ಲರೆ. ಮುಂದೆ ನೆಪ್ಚೂನಿಯಂ, ಎರಡು ದಿನ ಚಿಲ್ಲರೆ. ಆಮೇಲೆ ಪ್ಲುಟೋನಿಯಂ-239, ಅದಕ್ಕೆ 24,100 ವರ್ಷ. ಹುಟ್ಟಿದ್ದರಲ್ಲಿ ಒಂದು ಪಾಲು ಅಲ್ಲೇ ಒಡೆದು ಕರೆಂಟೂ ಆಗುತ್ತದೆ. ಉಳಿದದ್ದು ಅರ್ಧ ಮೀಟರ್ ಉದ್ದದ, 19 ಇಂಧನ ಕಡ್ಡಿಗಳ ಬಂಡಲಿನೊಳಗೆ, ಗಟ್ಟಿ ಬಿಲ್ಲೆಗಳಲ್ಲೇ ಸೇರಿಕೊಂಡಿರುತ್ತದೆ. ಬಂಡಲಿಗೆ ಸುಮಾರು 50 ಗ್ರಾಂ. ಅದನ್ನು ಬೇರೆ ಮಾಡಲು ಮರುಸಂಸ್ಕರಣಾ ಘಟಕ ಬೇಕು. ಅಂಥದ್ದು ತಾರಾಪುರ, ಕಲ್ಪಾಕ್ಕಂಗಳಲ್ಲಿದೆ, ಕೈಗಾದಲ್ಲಿಲ್ಲ.

ಹೋಗಲಿ, ಕಳ್ಳ ಬಂಡಲನ್ನೇ ಹೊತ್ತೊಯ್ದ ಎಂದುಕೊಳ್ಳಿ. ನೀವು ಬರೆದ 8 ಕೆಜಿಗೆ 160 ಬಂಡಲ್ ಬೇಕು, ಎರಡೂವರೆ ಟನ್ನಿಗೂ ಮಿಕ್ಕಿ. ಮೊದಲನೆಯದರ ಹತ್ತಿರ ನಿಂತಾಗಲೇ ಅವನ ಕತೆ ಮುಗಿಯುತ್ತದೆ, ಅದೂ ಪ್ಲುಟೋನಿಯಂನಿಂದಲ್ಲ. ಅದರ ಆಲ್ಫಾ ಕಿರಣವನ್ನು ಒಂದು ಹಾಳೆ ಕಾಗದ ತಡೆಯುತ್ತದೆ; ಪುಡಿ ಉಸಿರಿನ ಜೊತೆ ಒಳಗೆ ಹೋದರೆ ಅಪಾಯ. ಹೊರಗಿನಿಂದಲೇ ಕೊಲ್ಲುವುದು ಪರಮಾಣು ಒಡೆದಾಗ ಉಳಿಯುವ ಸೀಸಿಯಂ-137ರಂಥ ಚೂರುಗಳ ಗಾಮಾ ಕಿರಣ. ಬಳಸಿದ ಬಂಡಲನ್ನು ವರ್ಷಗಟ್ಟಲೆ ನೀರಿನ ಕೊಳದಲ್ಲಿಡುವುದು, ಹತ್ತಾರು ಟನ್ ತೂಕದ ಪೆಟ್ಟಿಗೆಯಲ್ಲಿ ಸಾಗಿಸುವುದು ಇದಕ್ಕೇ. ಹಸಿರು ಹೊಳಪು ಸಿನಿಮಾದವರದು. ಕೊಳದಲ್ಲಿ ಕಾಣುವುದು ನೀಲಿ.

ವೈಪರ್ ಕೆಟ್ಟ ಗಾಜಿಗೆ ಡ್ರೈವರ್ ಹೊಗೆಸೊಪ್ಪು ಉಜ್ಜುವ ನಿಮ್ಮ ಸಾಲು, ಕಣ್ಣಾರೆ ನೋಡದವರು ಬರೆಯುವಂಥದ್ದಲ್ಲ. ಪೀಪಾಯಿಯನ್ನು ಮಾತ್ರ ನೀವು ನೋಡಿಲ್ಲ, ಯಾರನ್ನೂ ಕೇಳಿಯೂ ಇಲ್ಲ.

ಕಳ್ಳತನ ಬಿಡಿ. ಒಂದು ರಿಯಾಕ್ಟರಿನಲ್ಲಿ 306 ನಾಳ, ನಾಳಕ್ಕೆ 12ರಂತೆ 3,672 ಬಂಡಲ್. ಸ್ಥಾವರ ನಿಲ್ಲಿಸದೆಯೇ ಯಂತ್ರ ಒಂದು ಕಡೆ ಹೊಸದು ತಳ್ಳಿ ಇನ್ನೊಂದು ಕಡೆ ಹಳೆಯದು ತೆಗೆಯುತ್ತದೆ. ಪ್ರತಿಯೊಂದಕ್ಕೂ ನಂಬರಿದೆ. ಕೊಳದ ಲೆಕ್ಕ ಬರೆಯುವ ತೀರ್ಥಹಳ್ಳಿಯ ಹುಡುಗನಿಗೆ ಒಂದು ನಂಬರ್ ತಾಳೆಯಾಗದಿದ್ದರೆ? ಆ ರಾತ್ರಿಯ ಪಾಳಿಯಷ್ಟನ್ನೇ ಬರೆಯಿರಿ. ವಿಜ್ಞಾನಿಯ ಎರಡು ಪುಟದ ಭಾಷಣ ಬೇಡ. 2,000 ಪದದೊಳಗೆ ಬಂದರೆ ದೀಪಾವಳಿ ಸಂಚಿಕೆಗೆ ನೋಡೋಣ.