ಓದುಗರ ಪ್ರಶ್ನೆ: ರೊಕ್ಕಾ ಎಲ್ಲಾರ್ದೂ, ಓಟು ನಂದು, ನಡೀತೈತೇನ್ರಿ?

ಪ್ರಶ್ನೆ: ಸರ, ಇಲೆಕ್ಷನ್ ಬಂತಂದ್ರ ನಮ್ಮೂರಾಗ ರಾತ್ರೋರಾತ್ರಿ ಮನಿಗೆ ಕವರ್ ಬರ್ತಾವ. ನಮ್ಮ ಕಾಕಾ ಅಂತಾನ, "ತಮ್ಮಾ, ಎಲ್ಲಾರ ರೊಕ್ಕಾನೂ ತಗೊ, ಓಟು ಮಾತ್ರ ನಿನ್ನ ಮನಸಿಗೆ ಬಂದಾಂವ್ಗ ಹಾಕು, ಮುಗೀತು." ಹಳೇ ಗ್ರೀಸಿನ ಭಾಷಣಕಾರ ಡೆಮೊಸ್ತನೀಸ್ ಲಂಚದ ಬಗ್ಗೆ ಭಾಳ ಹೇಳ್ಯಾನಂತ. ಅಂವ ಇದ್ದಿದ್ರ ಕಾಕಾಗ ಏನಂತಿದ್ದ?
- ಒಬ್ಬ ಓದುಗ, ಜಮಖಂಡಿ

ಉತ್ತರ: "ಸೋತ್ರಿ ಕಾಕಾ" ಅಂತಿದ್ದ. ಯಾಕಂತ ಹೇಳ್ತೀನಿ ಕೇಳ್ರಿ. ಕ್ರಿ.ಪೂ. 338ರಾಗ ಗ್ರೀಸಿನ ಕೆರೋನಿಯಾದಾಗ ಮ್ಯಾಸಿಡೋನಿಯಾದ ರಾಜ ಫಿಲಿಪ್, ಡೆಮೊಸ್ತನೀಸ್‌ನ ಊರು ಅಥೆನ್ಸಿನ ದಂಡನ್ನ ಸೋಲಿಸಿದ. ಫಿಲಿಪ್‌ನ ವಿರುದ್ಧ ವರ್ಷಗಟ್ಲೆ ಮಂದೀನ ಎಬ್ಬಿಸಿದಾಂವ ಈ ಡೆಮೊಸ್ತನೀಸ್, ಸೋತ ಮ್ಯಾಲೂ ಅವನಿಗೆ ಬಂಗಾರದ ಕಿರೀಟ ಕೊಡೋಣು ಅಂತ ಒಬ್ಬಾಂವ ಠರಾವು ತಂದ, ಎಸ್ಕಿನೀಸ್ ಅಂಬೋ ಎದುರಾಳಿ ಅದರ ಮ್ಯಾಲೆ ಕೇಸ್ ಹಾಕಿದ, ಠರಾವು ಬಂದಿದ್ದು 336ರಾಗ, ವಿಚಾರಣೆ ನಡದಿದ್ದು 330ರಾಗ! (ತಾರೀಖು ಎಳ್ಯೂದು ನಮ್ಮ ಕೋರ್ಟಿಂದಷ್ಟ ಕಥಿ ಅಲ್ಲ ಬಿಡ್ರಿ.) ಅಲ್ಲಿ ಡೆಮೊಸ್ತನೀಸ್ ಹೇಳಿದ್ದರ ತಾತ್ಪರ್ಯ ಇಷ್ಟ: ರೊಕ್ಕಾ ತಗೊಂಡಾಂವ್ನ ಕೊಟ್ಟಾಂವ ಗೆದ್ದಂಗ, ಒಲ್ಲೆ ಅಂದಾಂವ ಕೊಡಾಕ ಬಂದಾಂವ್ನ್ನ ಗೆದ್ದಂಗ, ನನ್ನ ಕೊಳ್ಳಾಕ ಫಿಲಿಪ್‌ಗ ಆಗ್ಲಿಲ್ಲ, ನನ್ನ ಮಟ್ಟಿಗೆ ಅಥೆನ್ಸ್ ಸೋತೇ ಇಲ್ಲ. ತೀರ್ಪು ಹೇಳೋ ಮಂದಿ ಓಟು ಹಾಕಿದಾಗ ಎಸ್ಕಿನೀಸ್‌ಗ ಐದನೇ ಒಂದು ಪಾಲು ಓಟೂ ಬೀಳ್ಲಿಲ್ಲ, ಊರ ಬಿಟ್ಟ ಹೋದ.

ಈಗ ಕಾಕಾನ ಲೆಕ್ಕಕ್ಕ ಬರ್ರಿ. ಕವರ್ ಕೊಡಾಂವ್ಗೂ ಗೊತ್ತೈತಿ, ತಗೊಂಡೋರೆಲ್ಲಾ ಹಾಕೂದಿಲ್ಲ ಅಂತ. ಆದ್ರೂ ಕೊಡ್ತಾನ. ಯಾಕ್ರಿ? ನಾಳೆ ಗಟಾರ ತುಂಬಿ ನೀರು ಮನಿ ಮುಂದ ನಿಂತಾಗ ಕಾಕಾ ಅವನ ಬಾಗಲಿಗೆ ಹೋದ್ರ "ಅವತ್ತ ತಗೊಂಡಿಲ್ಲೇನು" ಅಂತ ಒಂದ ಮಾತು ಸಾಕು, ಕಾಕಾ ಸುಮ್ಮನ ಹೊಳ್ಳಿ ಬರ್ತಾನ. ಓಟು ಕಾಕಾನ ಹತ್ರನ ಉಳೀತು ಅಂತ ಇಟ್ಕೋರಿ, ಕೇಳೋ ಬಾಯಿ ಹೋತು.

ಕ್ರಿ.ಪೂ. 341ರಾಗ ಫಿಲಿಪ್‌ನ ವಿರುದ್ಧ ಡೆಮೊಸ್ತನೀಸ್ ಮಾಡಿದ ಮೂರನೇ ಫಿಲಿಪ್ಪಿಕ್ ಭಾಷಣದಾಗ ಇನ್ನೊಂದ ಮಾತೈತಿ, ನನಗ ಅದ ಹೆಚ್ಚು ನಾಟತೈತಿ. ಮೊದಲೆಲ್ಲಾ ಲಂಚ ತಿಂದಾಂವ್ನ ಕಂಡ್ರ ಮಂದಿಗೆ ಸಿಟ್ಟಿತ್ತು, ಈಗ ತಿಂದಾಂವ್ನ ಮ್ಯಾಲೆ ಹೊಟ್ಟಿಕಿಚ್ಚು, ಒಪ್ಕೊಂಡ್ರ ನಗು, ಸಿಕ್ಕಬಿದ್ರ ಮಾಫಿ, ಬೈದಾಂವ್ನ ಮ್ಯಾಲೇ ದ್ವೇಷ ಅಂತಾನ. ನಮ್ಮ ಚಾದಂಗಡ್ಯಾಗ "ನಿಮ್ಮ ಮನಿಗೆ ಎಷ್ಟ ಬಂತಲೇ?" ಅಂತ ನಕ್ಕೋತ ಕೇಳೂದು ಇದ ಅಲ್ಲೇನ್ರಿ? ಅದ ಭಾಷಣದಾಗ ಅಕ್ರೊಪೊಲಿಸ್ ಗುಡ್ಡದ ಮ್ಯಾಲಿನ ಒಂದ ಕಂಚಿನ ಶಾಸನದ ಮಾತು ಹೇಳ್ತಾನ. ಜೆಲಿಯಾ ಊರಿನ ಆರ್ತ್ಮಿಯಸ್ ಅಂಬಾಂವ ಪರ್ಷಿಯಾದ ಬಂಗಾರ ತಂದದ್ದಕ್ಕ ಅವನೂ ಅವನ ಮನೆತನಾನೂ ಅಥೆನ್ಸಿನ ವೈರಿ ಅಂತ ಕೆತ್ತಿದ್ರು. ತಂದಿದ್ದು ಅಥೆನ್ಸಿಗೂ ಅಲ್ಲ, ಗ್ರೀಸಿನ ದಕ್ಷಿಣದ ಪೆಲೊಪೊನೀಸ್ ಸೀಮಿಗೆ!

ಪ್ರಶ್ನೆ: ಅದ ಡೆಮೊಸ್ತನೀಸ್ ಲಂಚದ ಕೇಸಿನಾಗ ತಾನ ಸಿಕ್ಕಬಿದ್ದಿದ್ದನಂತಲ್ರಿ? ಮತ್ತ ಯಾಕ ಕೇಳಬೇಕು ಅವನ ಮಾತ?
- ಒಬ್ಬ ಓದುಗರು, ಗೋಕಾಕ

ಉತ್ತರ: ಹೌದ್ರಿ, ಮುಚ್ಚಿಡೂದ್ಯಾಕ. ಕ್ರಿ.ಪೂ. 324ರಾಗ ಫಿಲಿಪ್‌ನ ಮಗ ಅಲೆಕ್ಸಾಂಡರನ ಖಜಾಂಚಿ ಹಾರ್ಪಲಸ್ ರೊಕ್ಕಾ ಹೊಡಕೊಂಡು ಅಥೆನ್ಸಿಗೆ ಓಡಿ ಬಂದ. 700 ಟ್ಯಾಲೆಂಟ್ (ಹಳೇ ಗ್ರೀಸಿನಾಗ ದೊಡ್ಡ ರೊಕ್ಕಾ ಅಳಿಯೋ ತೂಕ) ತಂದೀನಿ ಅಂದಿದ್ದ, ಅಕ್ರೊಪೊಲಿಸ್‌ದಾಗ ಎಣಿಸಿದ್ರ ಅರ್ಧಾನ ಸಿಕ್ತು. ಅದರಾಗ 20 ಟ್ಯಾಲೆಂಟ್ ಡೆಮೊಸ್ತನೀಸ್ ತಗೊಂಡಾನ ಅಂತ ಆರೋಪ, 50 ಟ್ಯಾಲೆಂಟ್ ದಂಡ ಬಿತ್ತು, ಕಟ್ಟಾಕಾಗ್ಲಿಲ್ಲ, ಜೇಲಿನಿಂದ ತಪ್ಪಿಸ್ಕೊಂಡ. ಒಳಗ ರಾಜಕೀಯಾನೂ ಇತ್ತು, ಆದ್ರ ಅವನ್ನ ದೇವ್ರ ಮಾಡಬ್ಯಾಡ್ರಿ. ನನ್ನ ಕೇಳಿದ್ರ, ಅವ ತಿಂದಿದ್ದ ಖರೆ ಇದ್ರ ಅವನ ಮಾತ ಅವನಿಗೂ ಹತ್ತಿತು ಅಷ್ಟ, ಕಾಕಾಗ ಅದರಾಗ ಸೂಟಿ ಇಲ್ಲ. 322ರಾಗ ಮ್ಯಾಸಿಡೋನಿಯಾದವರು ಬೆನ್ನ ಹತ್ತಿದಾಗ ಕಲೌರಿಯಾ ದ್ವೀಪದ ಪೊಸೈಡನ್ ಗುಡಿಯಾಗ ವಿಷಾ ತಗೊಂಡ ಸತ್ತ, ಶರಣಾಗ್ಲಿಲ್ಲ, ಇದನ್ನೂ ಲೆಕ್ಕಕ್ಕ ಹಿಡೀರಿ.

ಪ್ರಶ್ನೆ: ಡೆಮೊಸ್ತನೀಸ್ ಬಾಯಾಗ ಹರಳ ಇಟ್ಕೊಂಡ ಭಾಷಣ ಕಲ್ತದ್ದು ಖರೆ ಏನ್ರಿ? ಮಗನ್ನ ಭಾಷಣ ಸ್ಪರ್ಧೆಗೆ ತಯಾರ ಮಾಡಾಕತ್ತೀನಿ.
- ಒಬ್ಬ ತಾಯಿ, ವಿಜಯಪುರ

ಉತ್ತರ: ಹಳೇ ಕಾಲದ ಗ್ರೀಕ್ ಚರಿತ್ರೆಕಾರ ಪ್ಲೂಟಾರ್ಕ್ ಹಂಗ ಬರದಾನ ಅಕ್ಕಾರ, ಡೆಮೊಸ್ತನೀಸ್ ಮುದುಕ ಆದಾಗ ಅವನ ಬಾಯಿಂದನ ಕೇಳಿದಾಂವ ಒಬ್ಬ ಹೇಳಿದ್ದಂತ. ಗುಡ್ಡಾ ಏರಕೋತ ಕವಿತಾ ಹೇಳ್ತಿದ್ದ ಅಂತಾನೂ ಐತಿ. ಹುಡುಗನ್ನ ಗೋಳಗುಮ್ಮಟದ ಮೆಟ್ಟಲ ಹತ್ತಿಸ್ಕೋತ ಹೇಳಸ್ರಿ, ಹರಳ ಬ್ಯಾಡ, ನುಂಗಿಗಿಂಗ್ಯಾನು.