ಗಂಟಲಿನ ಪೈಪ್ ತೆಗೆದ ಕೂಡಲೇ ಬೊಂಡ (ಎಳನೀರು) ಕೊಡಬಹುದೇ?

ಪ್ರಶ್ನೆ: ನ್ಯುಮೋನಿಯಾ ಆಗಿ ನಮ್ಮ ತಂದೆ ಮಂಗಳೂರಿನ ಆಸ್ಪತ್ರೆಯೊಂದರಲ್ಲಿ ಆರು ದಿನದಿಂದ ವೆಂಟಿಲೇಟರ್‌ನಲ್ಲಿದ್ದಾರೆ. ಕಣ್ಣು ಬಿಡುತ್ತಾರೆ, ಕರೆದರೆ ಕೈ ಹಿಡಿಯುತ್ತಾರೆ. ಆದರೂ ಪೈಪ್ ತೆಗೆಯುವುದನ್ನು ಎರಡು ಸಲ ಮುಂದೆ ಹಾಕಿದರು. ಯಾಕೆ? ತೆಗೆದ ಮೇಲೆ ಬೊಂಡ ನೀರು ಕೊಡಬಹುದೇ?
ಓದುಗರೊಬ್ಬರು, ಕಾಪು

ಉತ್ತರ: ಎಚ್ಚರವಿದ್ದರಷ್ಟೇ ಸಾಲದು. ನಿದ್ದೆಯ ಔಷಧ ಇಳಿಸಿ, ಯಂತ್ರದ ಆಸರೆಯನ್ನು 5ರಿಂದ 8 ಸೆಂ.ಮೀ. ನೀರಿನ ಒತ್ತಡಕ್ಕೆ, ಅಂದರೆ ತೀರಾ ಕಡಿಮೆಗೆ ತಂದು, ಅರ್ಧದಿಂದ ಎರಡು ಗಂಟೆ ಅವರಷ್ಟಕ್ಕೇ ಉಸಿರಾಡಲು ಬಿಡುತ್ತಾರೆ. ನಿಮಿಷಕ್ಕೆ 30 ಉಸಿರು, ಒಂದೊಂದರಲ್ಲಿ ಕಾಲು ಲೀಟರ್ ಗಾಳಿ ಎಂದಿಟ್ಟುಕೊಳ್ಳಿ. 30ನ್ನು 0.25ರಿಂದ ಭಾಗಿಸಿದರೆ 120. ಈ ಲೆಕ್ಕ 105 ದಾಟಿದರೆ ಸುಸ್ತಾಗಿ ಮತ್ತೆ ಪೈಪ್ ಹಾಕಬೇಕಾಗುವ ಸಂಭವ ಜಾಸ್ತಿ. ಬೆವರಿದರೂ ಆಕ್ಸಿಜನ್ ಶೇ 90ಕ್ಕಿಂತ ಇಳಿದರೂ ಆ ದಿನಕ್ಕೆ ಅಲ್ಲಿಗೇ ಬಿಡುತ್ತಾರೆ. ಕೆಮ್ಮಲು ಬಲವಿಲ್ಲದೆ, ಗಂಟೆಗೊಮ್ಮೆ ಕಫ ಎಳೆಯಬೇಕಾಗುತ್ತಿದ್ದರೂ ಹಾಗೆಯೇ.

ಎರಡನೆಯ ತಡೆ ಗಂಟಲಿನ ಬಾವು. ಪೈಪಿನ ತುದಿಯಲ್ಲಿ ಕಫ್ ಎಂಬ ಪುಟ್ಟ ಬಲೂನು ಇರುತ್ತದೆ. ಅದರ ಗಾಳಿ ಇಳಿಸಿದಾಗ ಪೈಪಿನ ಸುತ್ತ ಗಾಳಿ ಸೋರಬೇಕು. ಸೋರದಿದ್ದರೆ ಶ್ವಾಸನಾಳದ ಬಾಯಿ ಊದಿರಬಹುದು. ಆಗ ತೆಗೆಯುವ ಕನಿಷ್ಠ 4 ಗಂಟೆ ಮೊದಲು ಸ್ಟೆರಾಯ್ಡ್ ಶುರುಮಾಡುತ್ತಾರೆ. ಮುಂದೆ ಹಾಕಿದ್ದಕ್ಕೆ ಇದೂ ಕಾರಣವಿರಬಹುದು, ಡಾಕ್ಟರನ್ನು ಕೇಳಿ.

ತೆಗೆಯುವ ಕೆಲಸಕ್ಕೆ ಹೆಚ್ಚು ಹೊತ್ತು ಬೇಡ. ಬೆನ್ನು ಎತ್ತರಿಸಿ, ಮೊದಲು ಬಾಯಿಯ, ಬಲೂನಿನ ಮೇಲೆ ನಿಂತ ಜೊಲ್ಲನ್ನು ಎಳೆಯಬೇಕು. ಇದನ್ನು ಮರೆತರೆ ಬಲೂನು ಇಳಿದ ಕ್ಷಣವೇ ಅದೆಲ್ಲ ಶ್ವಾಸಕೋಶಕ್ಕೆ. ಪೂರ್ತಿ ಗಾಳಿಯನ್ನು 10 ಮಿ.ಲೀ. ಸಿರಿಂಜಿನಿಂದ ತೆಗೆದು, ಪ್ಲಾಸ್ಟರ್ ಬಿಡಿಸಿ, ದೀರ್ಘ ಉಸಿರು ಎಳೆಸಿ ಪೈಪ್ ಹೊರತೆಗೆಯುತ್ತಾರೆ. ಬಲೂನು ಉಬ್ಬಿರುವಾಗಲೇ ಎಳೆದರೆ ಧ್ವನಿತಂತುಗಳಿಗೆ ಗಾಯ. ಪಕ್ಕದಲ್ಲಿ ಹೊಸ ಪೈಪ್, ಗಂಟಲೊಳಗೆ ನೋಡಿ ಅದನ್ನು ಹಾಕಲು ಬೇಕಾದ ಲ್ಯಾರಿಂಗೋಸ್ಕೋಪ್ ಸಿದ್ಧವಾಗಿರುತ್ತವೆ. ಅದನ್ನು ಕಂಡು ಗಾಬರಿಯಾಗಬೇಡಿ, ಇರಲೇಬೇಕು.

ಆಮೇಲೆ ಉಸಿರೆಳೆಯುವಾಗ ಗೊರಗೊರ ಅಲ್ಲ, ಸೀಟಿಯಂಥ ಸದ್ದು ಬಂದರೆ ತಕ್ಷಣ ನರ್ಸಿಗೆ ಹೇಳಿ. ಅದಕ್ಕೆ ಅಡ್ರಿನಲಿನ್ ಔಷಧವನ್ನು ಮಂಜಿನಂತೆ ಮಾಡಿ ಉಸಿರಿನಲ್ಲಿ (ನೆಬ್ಯುಲೈಸೇಶನ್) ಕೊಡುತ್ತಾರೆ. ಧ್ವನಿ ಕೆಲವು ದಿನ ಒಡೆದಿರುವುದು ಸಾಮಾನ್ಯ. ಮೊದಲ 48 ಗಂಟೆ ವಿಶೇಷ ನಿಗಾ ಬೇಕು.

ಬೊಂಡ ಈಗಲೇ ಬೇಡ. ಇಷ್ಟು ದಿನ ಪೈಪ್ ಇದ್ದ ಗಂಟಲು ನುಂಗುವ ಹದ ತಪ್ಪಿರುತ್ತದೆ. ಗಂಜಿತಿಳಿ, ಬೊಂಡದಂಥ ತೆಳು ದ್ರವ ಕೆಮ್ಮೂ ಬಾರದೆ ಶ್ವಾಸನಾಳಕ್ಕೆ ಜಾರಬಹುದು. ನುಂಗುವ ಪರೀಕ್ಷೆ ಆದ ಮೇಲೆ, ಹೆಚ್ಚಾಗಿ ಮಂದವಾದದ್ದನ್ನು ಚಮಚದಲ್ಲಿ ಶುರುಮಾಡಿಸುತ್ತಾರೆ. ತಂದೆಯವರ ಕಿಡ್ನಿಗೂ ತೊಂದರೆ ಆಗಿದ್ದರೆ, ಬೊಂಡದ ಪೊಟ್ಯಾಸಿಯಂ ಬಗ್ಗೆ ಬೇರೆಯೇ ಕೇಳಿಕೊಳ್ಳಬೇಕು.