ಚಳಿಗಾಲಕ್ಕೆ ಬರೀ ಚೀನೀ ಗಿಡಮೂಲಿಕೆ ಸಾಕಾ? ಮೊದಲು ಪೊಟ್ಟಣದ ಹಿಂಬದಿ ಓದಿ

ಸೆಪ್ಟೆಂಬರ್‌ನಲ್ಲಿ ಚೀನಾದ ನಾನ್‌ಜಿಂಗ್‌ಗೆ ಓದಲು ಹೊರಟಿದ್ದೀರಿ. ಇಂಗ್ಲಿಷ್ ಔಷಧಿ ಮುಟ್ಟದೆ, ಮನೆಮದ್ದು ಮತ್ತು ಚೀನೀ ಔಷಧಿಯಲ್ಲೇ ಚಳಿಗಾಲ ಕಳೆಯೋದು ಹೇಗೆ ಅಂತ ಕೇಳಿದ್ದೀರಿ. ಇದೇ ಹಟ ಇಟ್ಕೊಂಡು 2017ರಲ್ಲಿ ನಾನೂ ಅದೇ ಊರಿಗೆ ಹೋಗಿದ್ದೆ. ಜನವರಿಯಲ್ಲಿ ಆಸ್ಪತ್ರೆ ಸೇರಿದೆ.

ನಾನು ಶಿರಸಿ ಕಡೆಯವನು. ಮಳೆ, ಥಂಡಿ ಎಲ್ಲ ಗೊತ್ತು ಅಂದುಕೊಂಡಿದ್ದೆ. ನಾನ್‌ಜಿಂಗ್ ಚಳಿ ಬೇರೆಯೇ. ಚೀನಾದಲ್ಲಿ ಚಿನ್‌ಲಿಂಗ್ ಬೆಟ್ಟ ಮತ್ತು ಹ್ವಾಯ್ ನದಿ ಹಿಡಿದು ಒಂದು ಗೆರೆ ಇದೆ. ಅದರ ಉತ್ತರದ ನಗರಗಳಲ್ಲಿ ಚಳಿಗಾಲಕ್ಕೆ ಮನೆಗಳಿಗೆ ಪೈಪಿನಲ್ಲಿ ಬಿಸಿ ಬರುತ್ತದೆ. ಬೀಜಿಂಗ್‌ನಲ್ಲಿ ನವೆಂಬರ್ 15ಕ್ಕೆ ಶುರು. ನಾನ್‌ಜಿಂಗ್ ಆ ಗೆರೆಯ ದಕ್ಷಿಣಕ್ಕಿದೆ, ಆ ಭಾಗ್ಯ ಇಲ್ಲ. ಹಾಸ್ಟೆಲ್ ರೂಮಿನ ಒಳಗೂ ಕೋಟು ಹಾಕಿಕೊಂಡೇ ಕೂರಬೇಕು. ಒಣಗಲು ಹಾಕಿದ ಕಾಲುಚೀಲ ಮೂರು ದಿನವಾದರೂ ತಣ್ಣಗೆ, ಒದ್ದೆಯಾಗೇ ಇರುತ್ತದೆ.

ಜನವರಿಯಲ್ಲಿ ಜ್ವರ ಬಂತು. ಗಂಟಲು ಉರಿ, ಮೈಕೈ ನೋವು. ಅಂಗಡಿಗೆ ಹೋಗಿ ನೆಗಡಿಯ ಪೊಟ್ಟಣ ತಂದೆ. ಕಂದು ಬಣ್ಣದ ಕಾಳುಕಾಳು ಪುಡಿ, ಬಿಸಿನೀರಿಗೆ ಹಾಕಿದರೆ ಕರಗುತ್ತದೆ. ಸಿಹಿ, ಕೊನೆಯಲ್ಲಿ ಕಹಿ. ಥೇಟ್ ನಮ್ಮ ಕಷಾಯ.

ನನ್ನ ತಪ್ಪು ಇಲ್ಲೇ ಆಗಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇದನ್ನೇ ಮಾಡುವ ಸಾಧ್ಯತೆ ಜಾಸ್ತಿ.

ಪೊಟ್ಟಣದ ಹಿಂದೆ ಏನೇನಿದೆ ಅಂತ ನಾನು ಓದಿದ್ದೆ. ಸುಮ್ನೆ ಕುಡಿಯಲಿಲ್ಲ. ಆಗಷ್ಟೇ ಚೀನೀ ಅಕ್ಷರ ಕಲಿಯುತ್ತಿದ್ದೆ. 'ಯೆ ಜೂಹ್ವಾ' ಅಂತ ಕಂಡಿತು, ಕಾಡು ಸೇವಂತಿಗೆ. 'ಬೊಹೆ' ಅಂತ ಕಂಡಿತು, ಪುದೀನಾ ಜಾತಿ. ಓಹೋ, ಎಲ್ಲ ಸೊಪ್ಪು, ಹೂವು ಅಂತ ಖುಷಿಯಾಗಿ ಓದೋದನ್ನ ಅಲ್ಲಿಗೇ ನಿಲ್ಲಿಸಿದೆ. ಅದೇ ಸಾಲಿನ ಕೊನೆಯಲ್ಲಿ ಆರು ಅಕ್ಷರ ಇದ್ದವು: 'ದುಯ್ ಯಿ ಶಿಯೆನ್ ಆನ್ ಜೀ ಫೆನ್' (对乙酰氨基酚). ಅದು ಪ್ಯಾರಾಸಿಟಮಾಲ್‌ಗೆ ಚೀನೀ ಹೆಸರು. ಒಂದು ಪೊಟ್ಟಣದಲ್ಲಿ 200 ಮಿಲಿಗ್ರಾಂ. ಅದರ ಪಕ್ಕದಲ್ಲೇ ನಿದ್ದೆ ತರುವ ಕ್ಲೋರ್‌ಫೆನಿರಮೈನ್, 4 ಮಿಲಿಗ್ರಾಂ.

ಅಮ್ಮ 'ಇರಲಿ' ಅಂತ ಬ್ಯಾಗಿಗೆ ಹಾಕಿದ್ದ ಡೋಲೊ 650 ಮಾತ್ರೆ ಕೂಡ ಇತ್ತು, ಅದೂ ಪ್ಯಾರಾಸಿಟಮಾಲೇ. ಜ್ವರ 103 ದಾಟಿದಾಗ ಹಟ ಸಡಿಲವಾಯಿತು. ದಿನಕ್ಕೆ ನಾಲ್ಕು ಸಲ ನುಂಗಿದೆ, ಅಂದ್ರೆ 2,600 ಮಿಲಿಗ್ರಾಂ. ಅಲ್ಲಿಗೆ ನಿಲ್ಲಿಸಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಸೊಪ್ಪಿನ ಔಷಧಿ ತಾನೇ, ಜಾಸ್ತಿ ಕುಡಿದರೆ ಏನಾಗುತ್ತೆ ಅಂತ ಒಂದೊಂದು ಸಲಕ್ಕೆ ಎರಡೆರಡು ಪೊಟ್ಟಣ, ದಿನಕ್ಕೆ ನಾಲ್ಕು ಸಲ ಕುಡಿದೆ. ಎಂಟು ಪೊಟ್ಟಣ, 1,600 ಮಿಲಿಗ್ರಾಂ. ಒಟ್ಟು 4,200. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4,000 ಅನ್ನೋದೇ ಕೊನೆಯ ಮಿತಿ. ನಾನು ಐದು ದಿನ ಹೀಗೇ ಮಾಡಿದೆ. ಅದೂ ಊಟ ಬಿಟ್ಟು, ಬರೀ ಗಂಜಿ ತಿಳಿ ಕುಡಿದುಕೊಂಡು. ದಿನಗಟ್ಟಲೆ ಊಟ ಬಿಟ್ಟಾಗ ಪ್ಯಾರಾಸಿಟಮಾಲ್‌ನ ವಿಷವನ್ನು ಕಳೆಯುವ ಶಕ್ತಿ ಲಿವರ್‌ನಲ್ಲಿ ಕಡಿಮೆಯಾಗುತ್ತದೆ.

ಇಡೀ ದಿನ ಮಂಪರು. ಔಷಧಿ ಕೆಲಸ ಮಾಡ್ತಿದೆ, ಮೈ ವಿಶ್ರಾಂತಿ ಕೇಳ್ತಿದೆ ಅಂದುಕೊಂಡೆ. ಆರನೇ ದಿನ ನೀರು ಕುಡಿದರೂ ವಾಂತಿ. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ತಿಂದಿದ್ದನ್ನೆಲ್ಲ ಮೇಜಿನ ಮೇಲೆ ಇಡು ಅಂದರು. ಇಟ್ಟೆ. ಅವರು ಪೆನ್ ತೆಗೆದು ಪೊಟ್ಟಣದ ಮೇಲೆ ಆ ಆರು ಅಕ್ಷರಕ್ಕೆ ಸುತ್ತು ಹಾಕಿದರು. ಆಮೇಲೆ ಡೋಲೊ ಸ್ಟ್ರಿಪ್ ಮೇಲೂ ಒಂದು ಸುತ್ತು ಹಾಕಿದರು. ಒಂದು ಮಾತೂ ಆಡಲಿಲ್ಲ. ಲಿವರ್ ರಿಪೋರ್ಟ್‌ನಲ್ಲಿ 40ರ ಒಳಗಿರಬೇಕಾದ ಅಂಕಿ 260 ಆಗಿತ್ತು. ಮೂರು ದಿನ ಡ್ರಿಪ್. ಸರಿಹೋಗಲು ಒಂದು ತಿಂಗಳು ಹಿಡಿಯಿತು.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಒಂದು ಕಡೆ ಚೀನೀ ಔಷಧಿ, ಇನ್ನೊಂದು ಕಡೆ ಇಂಗ್ಲಿಷ್ ಔಷಧಿ ಅನ್ನೋ ಗೋಡೆ ನಿಮ್ಮ ತಲೆಯಲ್ಲಿದೆ, ಅಲ್ಲಿಯ ಅಂಗಡಿಯಲ್ಲಿ ಇಲ್ಲ. ನೆಗಡಿಗೆ ಸಿಗುವ ಎಷ್ಟೋ ಪೊಟ್ಟಣ, ಮಾತ್ರೆಗಳಲ್ಲಿ ಎರಡೂ ಬೆರೆತಿರುತ್ತವೆ. ಮುಚ್ಚಿಟ್ಟೇನೂ ಮಾರುವುದಿಲ್ಲ, ಬರೆದೇ ಇರುತ್ತಾರೆ. ಆ ಆರು ಅಕ್ಷರದ ಫೋಟೋ ಈಗಲೇ ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಬರೀ ಗಿಡಮೂಲಿಕೆಯಾದರೂ ಅದು ಔಷಧಿಯೇ. ಚೀನಾದ ವಿಜ್ಞಾನಿ ಥೂ ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂದದ್ದು ಮಲೇರಿಯಾಕ್ಕೆ ಒಂದು ಗಿಡದಿಂದ ಮದ್ದು ತೆಗೆದಿದ್ದಕ್ಕೆ. ಅಷ್ಟು ಶಕ್ತಿ ಇರುವ ಸೊಪ್ಪಿಗೆ ಅಳತೆ ಬೇಡವೇ? 'ಮಾಹ್ವಾಂಗ್' ಅನ್ನೋ ಗಿಡವನ್ನು ಅಲ್ಲಿ ನೆಗಡಿ, ಕೆಮ್ಮಿಗೆ ಕೊಡುತ್ತಾರೆ. ಅದರಲ್ಲಿ ಎಫೆಡ್ರಿನ್ ಇದೆ, ಬಿಪಿ ಏರಿಸುತ್ತದೆ. ಊರಿಗೆ ಬರುವಾಗ ಅಪ್ಪನಿಗೆ ಅಂತ ಇಂಥದ್ದನ್ನು ದಯವಿಟ್ಟು ತರಬೇಡಿ.

ಇಷ್ಟೆಲ್ಲ ಆದಮೇಲೆ ಚೀನೀ ಪದ್ಧತಿ ಬಿಟ್ಟೆನಾ? ಇಲ್ಲ. ನಿಜವಾಗಿ ಕಲಿತದ್ದು ಆಮೇಲೆಯೇ, ನಮ್ಮ ಹಾಸ್ಟೆಲ್ ನೋಡಿಕೊಳ್ಳುವ ಆಯಿ ಹತ್ತಿರ. ಅಲ್ಲಿ 'ಆಯಿ' ಅಂದ್ರೆ ಚಿಕ್ಕಮ್ಮ, ಅತ್ತೆ ಅನ್ನೋ ಅರ್ಥ. ನಮ್ಮ ಕಡೆ ಹವ್ಯಕರ ಮನೆಗಳಲ್ಲಿ ಅಮ್ಮನನ್ನೇ ಆಯಿ ಅಂತಾರೆ, ಹಾಗಾಗಿ ಕರೆಯಲು ನಾಲಿಗೆ ತಡವರಿಸಲೇ ಇಲ್ಲ. ಅವರು ಮೊದಲು ಬೈದರು. ಗಂಟಲು ಕೆಂಪಾಗಿ ಉರಿಯುವಾಗ ಶುಂಠಿ ಕುಡಿದೆಯಾ ಅಂತ. ಹೌದು, ಅದನ್ನೂ ಕುಡಿದಿದ್ದೆ. ಅವರ ಲೆಕ್ಕದಲ್ಲಿ ನೆಗಡಿ ಎರಡು ಥರ. ಚಳಿ ನಡುಕ, ನೀರಿನಂಥ ಸಿಂಬಳ, ಬೆವರಿಲ್ಲ ಅಂದ್ರೆ 'ಫಂಗ್‌ಹಾನ್', ಶೀತದ್ದು. ಅದಕ್ಕೆ ಶುಂಠಿ, ಈರುಳ್ಳಿ ಸೊಪ್ಪಿನ ಬಿಳಿ ಬುಡ, ಬೆಲ್ಲದಂಥ ಕೆಂಪು ಸಕ್ಕರೆ. ಗಂಟಲು ನೋವು, ಹಳದಿ ಕಫ, ಬಾಯಾರಿಕೆ ಅಂದ್ರೆ 'ಫಂಗ್‌ರ', ಉಷ್ಣದ್ದು. ಅದಕ್ಕೆ ಸೇವಂತಿಗೆ ಚಹಾ. ನಮ್ಮ ಅಜ್ಜಿಯರ ಉಷ್ಣ-ಶೀತದ ಮಾತೇ, ಅಲ್ವಾ?

ಬೆವರಿಸುವುದಕ್ಕೂ ಅಳತೆ ಇದೆ. ಸುಮಾರು 1,800 ವರ್ಷದ ಹಿಂದಿನ ವೈದ್ಯ ಜಾಂಗ್ ಜೊಂಗ್‌ಜಿಂಗ್ ದಾಲ್ಚಿನ್ನಿ ಕಡ್ಡಿಯ ಕಷಾಯ ಹೇಳುವಾಗ, ಮೇಲೆ ಬಿಸಿ ಗಂಜಿ ಕುಡಿದು ಹೊದ್ದು ಮಲಗು, ಸಣ್ಣಗೆ ಬೆವರಿದರೆ ಸಾಕು, ಒಂದೇ ಸಲಕ್ಕೆ ಗುಣವಾದರೆ ಉಳಿದದ್ದನ್ನು ಕುಡಿಯಬೇಡ ಅಂದಿದ್ದಾರೆ. ನಾನು ದಿನಕ್ಕೆ ಎಂಟು ಪೊಟ್ಟಣ ಕುಡಿದಿದ್ದೆ.

ಉಳಿದ ಚಳಿಗಾಲ ನನ್ನನ್ನು ಕಾಪಾಡಿದ್ದು ಬಕೆಟ್ಟು. ರಾತ್ರಿ ಮಲಗುವ ಮುಂಚೆ ಮೀನಖಂಡದವರೆಗೆ ಬಿಸಿನೀರು, ಜಜ್ಜಿದ ಶುಂಠಿ, ಹದಿನೈದು ನಿಮಿಷ. ಮೊಣಕೈ ಅದ್ದಿದರೆ ಹಿತವಾಗಿರಬೇಕು, ಸುಡಬಾರದು. ಬೆನ್ನಿನಲ್ಲಿ ಸಣ್ಣ ಬೆವರು ಕಂಡ ಕೂಡಲೇ ಕಾಲು ತೆಗೆದು ಒರೆಸಿ ಕಾಲುಚೀಲ ಹಾಕಿ. ಆ ರೂಮಿನಲ್ಲಿ ನಿದ್ದೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಸಿಗಲಿಲ್ಲ. ಮತ್ತೆ ಮೂಲಂಗಿ. 'ಚಳಿಗಾಲಕ್ಕೆ ಮೂಲಂಗಿ, ಬೇಸಿಗೆಗೆ ಶುಂಠಿ ತಿಂದರೆ ವೈದ್ಯರ ಚೀಟಿ ಬೇಡ' ಅಂತ ಅಲ್ಲಿ ಗಾದೆ ಇದೆ. ಚಳಿಗೆ ಭಾರದ ಊಟ ಮಾಡಿ ಒಳಗೇ ಕೂತಿರುತ್ತೇವೆ, ಮೂಲಂಗಿ ಅದನ್ನು ಇಳಿಸುತ್ತದೆ ಅಂತಾರೆ. ನಾನು ಹುಳಿ ಮಾಡುತ್ತಿದ್ದೆ, ಆಯಿಗೂ ಒಂದು ಬಟ್ಟಲು.

ಫ್ಲೂ ಲಸಿಕೆಯನ್ನು ಅಕ್ಟೋಬರ್‌ನಲ್ಲೇ ಹಾಕಿಸಿಕೊಳ್ಳಿ. ಕೆಲಸ ಶುರು ಮಾಡಲು ಅದಕ್ಕೆ ಎರಡು ವಾರ ಬೇಕು. ಇದನ್ನು ಇಂಗ್ಲಿಷ್ ಔಷಧಿ ಅಂತ ದೂರ ಇಡಬೇಡಿ. ಜ್ವರ ಮೂರು ದಿನ ದಾಟಿದರೆ, ಉಸಿರು ಕಟ್ಟಿದರೆ, ತಿಂದ ಪೊಟ್ಟಣಗಳನ್ನೆಲ್ಲ ಚೀಲಕ್ಕೆ ಹಾಕಿಕೊಂಡು ಆಸ್ಪತ್ರೆಗೆ ಹೋಗಿ.

ಮನೆಯಿಂದ ಕಷಾಯದ ಪುಡಿ ತರಲಾ ಅಂತಲೂ ಕೇಳಿದ್ದೀರಿ. ಖಂಡಿತ ತನ್ನಿ. ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಅಮ್ಮನ ಹತ್ತಿರವೇ ಮಾಡಿಸಿ, ಅರ್ಧ ಕಿಲೋ ಇರಲಿ. ಬೆಲ್ಲ ಹೊರಬೇಡಿ, ಅಲ್ಲಿಯ ಕೆಂಪು ಸಕ್ಕರೆ ಅದಕ್ಕೆ ಚೆನ್ನಾಗಿ ಹೊಂದುತ್ತದೆ.